ಕರಿಯಯ್ಯನ ಮುಖ

ಭುಜ ಬಂತು, ಕತ್ತು ಬಂತು, ಮುಖ ಬರಲಿಲ್ಲ. ಸಂಪತ್ ಕುಮಾರ ಇದ್ದಿಲಿನ ತುಂಡನ್ನು ಕ್ಯಾನ್ವಾಸಿನಿಂದ ಒಂದು ಗೇಣು ದೂರದಲ್ಲಿ ಹಿಡಿದುಕೊಂಡು ನಿಂತೇ ಇದ್ದ. ಇಂಥದ್ದು ಅವನಿಗೆ ಎಂದೂ ಆದದ್ದಿಲ್ಲ. ಮಳವಳ್ಳಿಯ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷದಿಂದ ಡ್ರಾಯಿಂಗ್ ಮಾಸ್ತರನಾಗಿದ್ದ ಅವನು, ನಿನ್ನೆ ಬಸ್ಸಿನಲ್ಲಿ ಟಿಕೆಟ್ ಹರಿದುಕೊಟ್ಟ ಕಂಡಕ್ಟರನನ್ನು ಇವತ್ತು ಮನೆಯಲ್ಲಿ ಕೂತು ಮೂಗಿನ ಮೇಲಿನ ನರುಲಿಯ ಸಮೇತ ಬರೆದು ತೋರಿಸಬಲ್ಲ ಎಂಬುದು ಊರಿಗೇ ಗೊತ್ತಿತ್ತು. ರಿಟೈರಾದ ಹೆಡ್‌ಮಾಸ್ತರರು, ಸತ್ತುಹೋದ ಜಮೀನುದಾರರು, ಪುರಸಭೆಯ ಮಾಜಿ ಅಧ್ಯಕ್ಷರು, ಎಲ್ಲರೂ ಅವನ ಎಣ್ಣೆಬಣ್ಣದಲ್ಲಿ ಗೋಡೆಗಳ ಮೇಲೆ ಕೂತಿದ್ದರು. ಫೋಟೋದಲ್ಲಿ ಇಲ್ಲದ್ದನ್ನೂ ಅವನು ಬರೆಯುತ್ತಿದ್ದ. ಬದುಕಿದ್ದಾಗ ಅವರು ನಗುವ ಮೊದಲು ತುಟಿಯ ಒಂದು ಕೊನೆ ಹೇಗೆ ಏಳುತ್ತಿತ್ತು ಎಂಬುದನ್ನು ಸಹ. ಈಗ ಕ್ಯಾನ್ವಾಸಿನ ಮೇಲೆ, ಕತ್ತಿನ ಮೇಲ್ಗಡೆ, ಬಿಳಿಯ ಖಾಲಿ ಇತ್ತು. ಕಣ್ಣು ಮುಚ್ಚಿದ. ಕರಿಯಯ್ಯ ಬಂದ. ಗದ್ದೆಯ ಬದುವಿನ ಮೇಲೆ ನಡೆದುಬಂದ, ಹತ್ತಿರ ಬಂದ, ಬರುತ್ತಿದ್ದ ಹಾಗೆ ತಲೆಯ ಮೇಲಿನ ಟವಲನ್ನು ಎಡಗಡೆಗೆ ಎಳೆದುಕೊಂಡ, ತಿರುಗಿ ನಿಂತ. ಮತ್ತೆ ಕಣ್ಣು ಮುಚ್ಚಿದ. ಮತ್ತೆ ಅದೇ. ಮೂವತ್ತು ವರ್ಷ ನೋಡಿದ ಮನುಷ್ಯನ ಮುಖ ತನ್ನ ಹತ್ತಿರ ಇಲ್ಲ ಎಂದು ತಿಳಿದಾಗ ಸಂಪತ್ ಕುಮಾರನಿಗೆ, ಕತ್ತಲಲ್ಲಿ ಇದೆ ಎಂದುಕೊಂಡಿದ್ದ ಮೆಟ್ಟಿಲಿನ ಮೇಲೆ ಕಾಲಿಟ್ಟು ಅದು ಇಲ್ಲದೆ ಹೋದಾಗ ಆಗುವಂತಾಯಿತು.

ಹಿಂದಿನ ಭಾನುವಾರ ಕರಿಯಯ್ಯನ ಮಗ ಕರಿಸಿದ್ದಯ್ಯ ಇದೇ ಕೋಣೆಗೆ ಬಂದಿದ್ದ. ಮದ್ದೂರಿನ ಕಚೇರಿಯೊಂದರಲ್ಲಿ ಗುಮಾಸ್ತ. ಬಿಳಿ ಟೆರಿಲಿನ್ ಶರ್ಟು, ಜೇಬಿನಲ್ಲಿ ಪೆನ್ನು. ಕೂರಿ ಎಂದಾಗ ಕುರ್ಚಿಯ ಅಂಚಿನಲ್ಲಿ ಕೂರದೆ ಪೂರ್ತಿ ಒರಗಿ ಕೂತ. ಅದನ್ನು ತಾನು ಗಮನಿಸಿದೆನಲ್ಲ ಎಂದು ಸಂಪತ್ ಕುಮಾರನಿಗೆ ಒಳಗೇ ಮುಜುಗರವಾಯಿತು. ಹೆಂಡತಿ ಕನಕಲಕ್ಷ್ಮಿ ಕಾಫಿ ತಂದಳು. ಗಂಡನಿಗೆ ಸ್ಟೀಲಿನ ಲೋಟ, ಬಂದವನಿಗೆ ಗಾಜಿನ ಲೋಟ. ಅದನ್ನೂ ಸಂಪತ್ ಕುಮಾರ ನೋಡಿದ. ಕರಿಸಿದ್ದಯ್ಯನೂ ನೋಡಿದ, ಕಾಫಿ ಕುಡಿದ.

"ಹನಕೆರೇಲಿ ಮನೆ ಕಟ್ಟಿಸ್ತಾ ಇದೀನಿ ಸಾರ್. ಬರೋ ತಿಂಗಳು ಗೃಹಪ್ರವೇಶ. ಅಪ್ಪಂದು ಒಂದು ಪಟ ಬೇಕು. ಬಾಗಿಲಿಗೆ ಎದುರಿಗೇ ಹಾಕ್ಬೇಕು ಅಂತ ಆಸೆ."

"ಫೋಟೋ ತಂದಿದ್ದೀಯಾ?" ಎಂದವನು ತಡವರಿಸಿ "ತಂದಿದ್ದೀರಾ?" ಎಂದ.

"ಒಂದೂ ಇಲ್ಲ ಸಾರ್. ಕ್ಯಾಮರಾ ಕಂಡ್ರೆ ಎದ್ದು ಹೋಗ್ಬಿಡೋರು. ನನ್ನ ಮದುವೆ ಗ್ರೂಪ್ ಫೋಟೋದಲ್ಲೂ ಟವಲ್ ಬಿದ್ದಿದೆ, ಮುಖ ಬಿದ್ದಿಲ್ಲ. ಅದಕ್ಕೇ ನಿಮ್ಮ ಹತ್ರಾನೇ ಬಂದೆ. ನೀವಾದ್ರೆ ಚಿಕ್ಕಂದಿನಿಂದ ನೋಡಿದ್ದೀರಲ್ಲ."

"ನೋಡಿದ್ದೀನಿ, ನೋಡಿದ್ದೀನಿ. ಬರೆದುಕೊಡ್ತೀನಿ," ಎಂದಿದ್ದ. ಅದರಲ್ಲಿ ಸ್ವಲ್ಪ ಉದಾರತೆಯ ದನಿಯೂ ಇತ್ತು.

ಕರಿಯಯ್ಯ ಅವರ ಗದ್ದೆಯ ಆಳು. ಹನಕೆರೆಯ ಹತ್ತಿರ ನಾಲೆಯ ಕೆಳಗಿನ ಗದ್ದೆ. ಅಪ್ಪ ವೆಂಕಟೇಶಮೂರ್ತಿಗಳು ಮಂಡ್ಯದಲ್ಲಿ ಶಿರಸ್ತೇದಾರರಾಗಿದ್ದ ಕಾಲದಿಂದ ಹೋದ ವರ್ಷ ತಾನು ಸಾಯುವವರೆಗೆ ಕರಿಯಯ್ಯನೇ ಅದನ್ನು ನೋಡಿಕೊಂಡವನು. ಅವನ ಬೆನ್ನು ಸಂಪತ್ ಕುಮಾರನಿಗೆ ಎಷ್ಟು ಗೊತ್ತಿತ್ತೆಂದರೆ, ಬೆನ್ನುಹುರಿಯ ಎರಡೂ ಪಕ್ಕದ ಮಾಂಸ ಗುದ್ದಲಿ ಎತ್ತಿದಾಗ ಹೇಗೆ ಬೇರೆಬೇರೆಯಾಗಿ ಏಳುತ್ತದೆ ಎಂಬುದನ್ನು ಈಗಲೂ ಕತ್ತಲಲ್ಲಿ ಬರೆಯಬಲ್ಲ. ಬರೆದಿದ್ದ ಕೂಡ. ಅರವತ್ತೆಂಟರಲ್ಲಿ ಬೆಂಗಳೂರಿನ ಪ್ರದರ್ಶನದಲ್ಲಿ ಬಹುಮಾನ ಬಂದ ಅವನ ಚಿತ್ರದ ಹೆಸರೇ ‘ಬೆನ್ನು’. ನಾಲ್ಕು ಅಡಿಯ ಕ್ಯಾನ್ವಾಸು, ಕೆಸರಿನ ಕಂದು, ನಡುವೆ ತಿರುಗಿ ನಿಂತ ಕರಿಯಯ್ಯ, ಎಡಕ್ಕೆ ಜಾರಿದ ಟವಲು. ಮುಖವನ್ನು ನಿರಾಕರಿಸಿ ಕಲಾವಿದ ದುಡಿಯುವವರೆಲ್ಲರ ಮುಖವನ್ನು ಕಾಣಿಸಿದ್ದಾನೆ ಎಂದು ಪತ್ರಿಕೆಯಲ್ಲಿ ಒಬ್ಬರು ಬರೆದಿದ್ದರು. ಆ ತುಂಡನ್ನು ಅವನು ಕತ್ತರಿಸಿ ಇಟ್ಟುಕೊಂಡಿದ್ದ. ಅದು ನಿರಾಕರಣೆಯಲ್ಲ, ತನಗೆ ಬೇರೇನೂ ಗೊತ್ತಿರಲಿಲ್ಲ ಎಂಬುದು ಈಗ, ಏಳು ವರ್ಷದ ಮೇಲೆ, ಇದ್ದಿಲು ಹಿಡಿದು ನಿಂತಾಗ ಹೊಳೆಯಿತು. ಇದ್ದಿಲನ್ನು ಕೆಳಗಿಟ್ಟ. ಶರ್ಟು ಹಾಕಿಕೊಂಡು, ಮಂಡ್ಯಕ್ಕೆ ಹೋಗಿಬರುತ್ತೇನೆ ಎಂದು ಕನಕಲಕ್ಷ್ಮಿಗೆ ಕೂಗಿ ಹೇಳಿ, ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಮಂಡ್ಯದ ಮನೆಯಲ್ಲಿ ಅಪ್ಪ ಆರಾಮಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಅಮ್ಮ ಪದ್ಮಮ್ಮ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು. ನೀರು ಕುಡಿದು, ಆ ಮಾತು ಈ ಮಾತು ಆಡಿ, ಏನೋ ನೆನಪಾದವನಂತೆ ಕೇಳಿದ: "ನಮ್ಮ ಕರಿಯಯ್ಯ ನೋಡೋಕೆ ಹೇಗಿದ್ದ?"

"ಹೇಗಿದ್ದ ಅಂದರೆ?" ಅಪ್ಪ ಪೇಪರು ಇಳಿಸಲಿಲ್ಲ. "ಕಪ್ಪಗಿದ್ದ. ಎತ್ತರಕ್ಕಿದ್ದ. ಆಳುಗಳು ಹೇಗಿರ್ತಾರೋ ಹಾಗಿದ್ದ."

"ಮುಖ?"

"ಅವನ ಮುಖ ಕಟ್ಟಿಕೊಂಡು ನಿನಗೇನಾಗಬೇಕೋ?"

ಅಮ್ಮನ ಕೈಯಲ್ಲಿದ್ದ ಅವರೆಕಾಯಿ ಅರ್ಧ ಬಿಚ್ಚಿ ನಿಂತಿತ್ತು. "ನಾನು ಅವನ ಕೈ ನೋಡಿದ್ದೀನಿ ಅಷ್ಟೆ," ಎಂದರು. "ಹಿತ್ತಲಲ್ಲಿ ಮೇಲಿಂದ ನೀರು ಹುಯ್ಯುವಾಗ ಬೊಗಸೆ ಒಡ್ಡುತ್ತಿದ್ದ. ದೊಡ್ಡ ಕೈ. ಒಂದು ತೊಟ್ಟೂ ಕೆಳಗೆ ಬೀಳ್ತಿರಲಿಲ್ಲ." ಅಪ್ಪ ಓದಿ ಮುಗಿಸದ ಹಾಳೆಯನ್ನು ತಿರುಗಿಸಿದರು. ಮೂವರಲ್ಲಿ ಒಬ್ಬರ ಹತ್ತಿರವೂ ಆ ಮುಖ ಇಲ್ಲ ಎಂದುಕೊಂಡ ಸಂಪತ್ ಕುಮಾರ. ನಾಚಿಕೆ ಹಂಚಿಹೋದಂತಾಗಿ ಅವನಿಗೆ ಒಂದು ಬಗೆಯ ನೆಮ್ಮದಿಯೂ ಆಯಿತು. ಊಟಕ್ಕೆ ಏಳು ಎಂದರೂ ನಿಲ್ಲದೆ ಸ್ಟೇಷನ್ನಿಗೆ ಹೋಗಿ ಪ್ಯಾಸೆಂಜರ್ ಗಾಡಿ ಹತ್ತಿ ಹನಕೆರೆಯಲ್ಲಿ ಇಳಿದ. ಕರಿಯಯ್ಯನ ಹೆಂಡತಿಗಾದರೂ ಗೊತ್ತಿರಬೇಕಲ್ಲ, ಅವಳು ಹೇಳಿದಂತೆ ಬರೆದರಾಯಿತು. ಪೊಲೀಸಿನವರು ಕಳ್ಳರ ಚಿತ್ರವನ್ನು ಹಾಗೆಯೇ ಬರೆಸುತ್ತಾರೆ ಎಂದು ಎಲ್ಲೋ ಓದಿದ್ದ. ಹೋಲಿಕೆ ಬಂದದ್ದಕ್ಕೆ ಮತ್ತೆ ನಾಚಿಕೆಯಾಯಿತು.

ಹೊಸ ಮನೆಗೆ ಗಾರೆ ಆಗಿತ್ತು, ಸುಣ್ಣ ಆಗಿರಲಿಲ್ಲ. ಪಕ್ಕದ ಹಳೇ ಮನೆಯ ಜಗಲಿಯ ಮೇಲೆ ಕರಿಯಯ್ಯನ ಹೆಂಡತಿ ದೊಡ್ಡತಾಯಮ್ಮ ಕೂತಿದ್ದಳು. ಕರಿಸಿದ್ದಯ್ಯ ಒಳಗಿಂದ ಬಂದು ಮಡಿಸುವ ಕುರ್ಚಿ ಹಾಕಿದ. ಸಂಪತ್ ಕುಮಾರ ಚೀಲದಿಂದ ಡ್ರಾಯಿಂಗ್ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡು, "ನೀವು ಒಂದೊಂದಾಗಿ ಹೇಳಿ ದೊಡ್ಡತಾಯಮ್ಮ. ನಾನು ಬರೀತಾ ಹೋಗ್ತೀನಿ," ಎಂದ.

"ನಾನೇಳೋದಾ? ನೀವು ಕಂಡಿಲ್ವಾ ಬುದ್ದಿ?" ಅವಳು ನಕ್ಕಳು. ಆಮೇಲೆ ಗಂಭೀರವಾಗಿ, ಎದುರಿಗೆ ಯಾರನ್ನೋ ನೋಡುತ್ತ ಹೇಳುವವಳಂತೆ ಹೇಳತೊಡಗಿದಳು. "ಅಣೆ ಅಗಲ. ಉಬ್ಬು ಎರಡೂ ಕೂಡ್ಕಂಡಿದ್ವು. ಮೂಗು ಉದ್ದ, ತುದಿ ವಸಿ ಬಗ್ಗಿತ್ತು. ಬಲಗಣ್ಣು ದೊಡ್ದು, ಎತ್ತಿನ ಕಣ್ಣಂಗೆ. ಎಡಗಣ್ಣು ಓಗಿತ್ತಲ್ಲ, ಅದ ನಿಮಗೇನೇಳೋದು."

ಪೆನ್ಸಿಲು ನಿಂತಿತು. "ಹೋಗಿತ್ತು ಅಂದರೆ?"

"ಗುಡ್ಡೆ ಒಡ್ದೋಗಿತ್ತಲ್ಲ ಬುದ್ದಿ. ನೀವು ಕಲ್ಲು ಬೀಸಿದ್ ದಿನ."

ಅವಳು ಅದನ್ನು ಹೋದ ವರ್ಷದ ಮಳೆಯ ವಿಷಯ ಹೇಳುವಷ್ಟು ಸಹಜವಾಗಿ ಹೇಳಿದ್ದಳು. ಅವನಿಗೆ ಗೊತ್ತಿದೆ ಎಂದೇ ನಂಬಿದ್ದಳು. ಅವನ ಮುಖ ನೋಡಿದ ಮೇಲೆ ಅವಳ ದನಿ ಇಳಿಯಿತು. "ನಿಮಗಾಗ ಆರು ವರ್ಸವೋ ಏನೋ. ಅಮ್ಮಾವ್ರು ಗದ್ದೆ ತಾವ್ಕೆ ಕರ್ಕಂಡು ಬಂದಿದ್ರು. ನಾಲೆ ತುಂಬ್ಕಂಡು ಅರೀತಿತ್ತು. ನೀವು ತಪ್ಪಿಸ್ಕಂಡು ಏರಿ ಮ್ಯಾಲೆ ಓಡುದ್ರಿ. ನಮ್ಮೋರು ಅಡ್ಡ ಬಂದು ಕೈ ಅಗಲಿಸ್ಕಂಡು ನಿಂತ್ಕಂಡ್ರು. ಎತ್ಕಳಂಗಿಲ್ಲವಲ್ಲ ನಿಮ್ಮನ್ನ, ಮುಟ್ಟಂಗಿಲ್ಲ. ಅದ್ಕೇ ಬರೀ ನಿಂತ್ಕಂಡ್ರು. ಈ ಕಡೆ ಓದ್ರೆ ಈ ಕಡೆ, ಆ ಕಡೆ ಓದ್ರೆ ಆ ಕಡೆ. ನಿಮಗೆ ಸಿಟ್ಟು ಬಂತು. ಬುಡಲೇ ಅಂತ ಕಲ್ಲು ತಕ್ಕಂಡ್ರಿ. ನಾನು ಅಲ್ಲೇ ಪೈರು ಕೀಳ್ತಿದ್ದೆ."

"ಏನವ್ವ ಹೇಳ್ತಾ ಇದೀಯ?" ಕರಿಸಿದ್ದಯ್ಯ ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದಿದ್ದ. "ಕಬ್ಬಿನ ಗರಿ ಚುಚ್ಚಿ ಹೋದದ್ದು ಅಂತ ತಾನೇ ಅಪ್ಪ ಹೇಳಿದ್ದು?"

"ನಿಂಗಂಗೇಳುದ್ರು ಕಣ್ಲಾ. ನೀನು ಇಸ್ಕೂಲಿಗೆ ಓಗೋನು. ಸಿಟ್ಟು ಜಾಸ್ತಿ ನಿಂಗೆ."

ಕರಿಸಿದ್ದಯ್ಯ ಅಲ್ಲಿಂದ ಹೊರಟುಹೋದ. ಹೊಸ ಮನೆಯ ಗೋಡೆಯ ಪಕ್ಕ, ಮರಳಿನ ಗುಡ್ಡೆಯ ಹತ್ತಿರ, ಅವರಿಗೆ ಬೆನ್ನು ಮಾಡಿ ನಿಂತ. ಸಂಪತ್ ಕುಮಾರ ತನ್ನ ಬಲಗೈ ನೋಡಿಕೊಂಡ. ಕಲ್ಲು ಎಷ್ಟು ದೊಡ್ಡದಿತ್ತು, ತಣ್ಣಗಿತ್ತೋ ಬಿಸಿಯಾಗಿತ್ತೋ, ಬಿದ್ದಾಗ ಸದ್ದಾಯಿತೋ? ಏನೂ ಸಿಗಲಿಲ್ಲ. ಆರು ವರ್ಷದಲ್ಲಿ ಹತ್ತಿದ ಕುದುರೆಗಾಡಿಯ ಗಾಲಿಯ ಬಣ್ಣ ನೆನಪಿತ್ತು, ಅಜ್ಜಿ ಕೊಟ್ಟ ಕೊಬ್ಬರಿಮಿಠಾಯಿಯ ಮೇಲೆ ಕೂತ ನೊಣ ನೆನಪಿತ್ತು. ಇದಿರಲಿಲ್ಲ. ತನ್ನೊಳಗೆ ತಾನು ಕಾಲಿಡದ ಒಂದು ಕೋಣೆ ಇದೆ, ಅದರಲ್ಲಿ ಈ ಜನ ಇಷ್ಟು ವರ್ಷ ಓಡಾಡಿಕೊಂಡಿದ್ದಾರೆ ಎನಿಸಿತು. ಕರಿಸಿದ್ದಯ್ಯ ವಾಪಸು ಬಂದು ಎದುರಿಗೆ ನಿಂತ.

"ನಿಮಗೆ ನೆನಪಿರ್ಲಿಲ್ವಾ ಸಾರ್?"

"ಇಲ್ಲ."

ನಿಜವಾಗಿಯೂ ಇರಲಿಲ್ಲ. ಆದರೆ ಹೊರಗೆ ಬಂದ ಆ ಒಂದು ಮಾತು ಹಸಿ ಸುಳ್ಳಿನಂತೆ ಕೇಳಿಸಿತು, ಅವನ ಕಿವಿಗೇ. ಬಯ್ಯಲಿ, ಕೊರಳಪಟ್ಟಿ ಹಿಡಿಯಲಿ, ಹಾಳೆ ಹರಿದುಹಾಕಿ ಆಚೆಗೆ ಹೋಗು ಎನ್ನಲಿ ಎಂದು ಸಂಪತ್ ಕುಮಾರ ಕಾದ. ಹಾಗಾಗಿದ್ದರೆ ಎದ್ದುಹೋಗಲು ಒಂದು ದಾರಿಯಾದರೂ ಇರುತ್ತಿತ್ತು.

"ಬರೀರಿ," ಎಂದ ಕರಿಸಿದ್ದಯ್ಯ. "ಅದಕ್ಕೇ ತಾನೇ ಬಂದಿರೋದು."

"ಎರಡು ಕಣ್ಣೂ ಬರೀಲಿ ಕಣ್ಲಾ," ದೊಡ್ಡತಾಯಮ್ಮ ಮಗನ ಕಡೆ ತಿರುಗಿದಳು. "ನನ್ನ ಮದುವೇಲಿ ಎರಡೂ ಇದ್ವು. ಎಂಗಿದ್ರು ಗೊತ್ತಾ?"

"ಬೇಡ. ಇದ್ದ ಹಾಗೇ ಬರೀಲಿ."

"ಬಂದೋರೆಲ್ಲ ಅದ್ನೇ ನೋಡ್ತಾರೆ."

"ನೋಡ್ಲಿ ಅವ್ವ."

ತಾಯಿಮಗ ಇಬ್ಬರೂ ಅವನತ್ತ ನೋಡಲಿಲ್ಲ. ಯಾವ ಚಿತ್ರದಲ್ಲಿ ಏನಿರಬೇಕು ಎಂಬುದನ್ನು ಸದಾ ತಾನೇ ತೀರ್ಮಾನಿಸುತ್ತಿದ್ದ ಸಂಪತ್ ಕುಮಾರ, ಪೆನ್ಸಿಲು ಹಿಡಿದು, ಕೊಟ್ಟ ಕೆಲಸಕ್ಕೆ ಕಾದ ಕೂಲಿಯವನಂತೆ ಕೂತಿದ್ದ. ಕೊನೆಗೆ ದೊಡ್ಡತಾಯಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು, "ಆಗ್ಲಿ ಬುಡಿ. ನನ್ ಮಗ ಉಟ್ಟಿದಾಗ್ನಿಂದ ಕಂಡಿರೋ ಮೊಕ ಅದೇಯ. ಅವನು ಅದನ್ನೇ ಅಪ್ಪ ಅಂದಿರೋದು," ಎಂದಳು. ಆಮೇಲೆ ಎರಡು ತಾಸು ಅವಳು ಹೇಳಿದಳು, ಅವನು ಬರೆದ. ಗದ್ದ ಅಷ್ಟು ಚೂಪಲ್ಲ. ಕಿವಿ ಇನ್ನೂ ಉದ್ದ. ತುಟಿ ದಪ್ಪ ಮಾಡಿ, ನಗೋ ಅಂಗೆ ಮಾಡ್ಬ್ಯಾಡಿ, ಅವ್ರು ನಗ್ತಿರ್ಲಿಲ್ಲ, ನಗು ತಡ್ಕಂಡಿರೋರು. ಎಡಗಣ್ಣಿಗೆ ಬಂದಾಗ ಅವಳು ಎದ್ದು ಬಂದು, ಹಾಳೆಯ ಮೇಲೆ ಬೆರಳಿಟ್ಟು, ರೆಪ್ಪೆ ಎಲ್ಲಿ ಸೇರಿಕೊಂಡಿತ್ತು, ಚರ್ಮ ಎಲ್ಲಿ ಸುಕ್ಕಾಗಿ ಒಳಕ್ಕೆ ಹೋಗಿತ್ತು ಎಂದು ತೋರಿಸಿದಳು. ಎಷ್ಟೋ ವರ್ಷ ಎಣ್ಣೆ ಹಚ್ಚಿದ ಬೆರಳು ಅದು. ಅವಳು ಬೆರಳು ತೆಗೆದ ಜಾಗದಲ್ಲಿ ಅವನು ಗೆರೆ ಎಳೆದ.

ಹೊತ್ತು ಇಳಿಯುವ ವೇಳೆಗೆ ಅವನು ಮತ್ತೆ ಮಂಡ್ಯದ ಮನೆಯ ಬಾಗಿಲಲ್ಲಿದ್ದ. ಚಪ್ಪಲಿ ಬಿಡದೆ ಹಜಾರಕ್ಕೆ ಹೋಗಿ, ಹಾಳೆಯನ್ನು ಅಪ್ಪನ ತೊಡೆಯ ಮೇಲೆ ಬಿಚ್ಚಿ ಹಿಡಿದ. ಅಪ್ಪ ನೋಡಿ, ಕನ್ನಡಕ ತೆಗೆದು, ಪಂಚೆಯ ಚುಂಗಿನಲ್ಲಿ ಒರೆಸತೊಡಗಿದರು.

"ಕಲ್ಲು ಹೊಡೆದದ್ದು ನಾನಾ?"

"ಆರು ವರ್ಷದ ಮಗು. ಅದಕ್ಕೇನು ತಿಳಿಯುತ್ತೆ? ನಿನಗೆ ಹೇಳಿ ಏನಾಗಬೇಕಿತ್ತು?"

"ಬೆಳಿಗ್ಗೆ ಕೇಳಿದೆನಲ್ಲ. ಕಪ್ಪಗಿದ್ದ, ಎತ್ತರಕ್ಕಿದ್ದ ಅಂದಿರಿ."

ಅಪ್ಪ ಕನ್ನಡಕ ಒರೆಸುತ್ತಲೇ ಇದ್ದರು. ಮಾತಾಡಿದವರು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಅಮ್ಮ. "ಕಣ್ಣು ವಾಸಿಯಾಗಿ ಅವನು ಕೆಲಸಕ್ಕೆ ಬಂದ ದಿನ ನೀನು ಅವನ ಮುಖ ನೋಡಿ ಕಿಟಾರನೆ ಕಿರುಚಿಕೊಂಡೆ ಸಂಪತ್ತೂ. ಮೂರು ದಿನ ಜ್ವರ. ಕಣ್ಣು ಮುಚ್ಚಿದರೆ ಬೆಚ್ಚಿಬೀಳುತ್ತಿದ್ದೆ. ಆಗ ಇವರು ಅವನನ್ನ ಹಿತ್ತಲಿಗೆ ಕರೆಸಿ ಹೇಳಿದರು, ಮಗು ಎದುರಿಗೆ ಮುಖ ತೋರಿಸಬೇಡ ಕರಿಯಯ್ಯ ಅಂತ. ಅವತ್ತಿನಿಂದ ಟವಲು ಎಳೆದುಕೊಳ್ಳೋಕೆ ಶುರುಮಾಡಿದ."

"ಎಷ್ಟು ದಿನ ಅಂತ ಹೇಳಿದಿರಿ?"

ಅಪ್ಪ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದರು.

"ಎಷ್ಟು ದಿನ ಅಂತ ಯಾರೂ ಹೇಳಲಿಲ್ಲ," ಎಂದರು ಅಮ್ಮ. "ಅವನೂ ಕೇಳಲಿಲ್ಲ."

ಸಂಪತ್ ಕುಮಾರ ಹಜಾರದ ಕಂಬ ಹಿಡಿದುಕೊಂಡ. ಇಪ್ಪತ್ತು ವರ್ಷದ ಹುಡುಗನಾಗಿ, ಮೈಸೂರಿನ ಚಿತ್ರಶಾಲೆಯಿಂದ ರಜೆಗೆ ಬಂದು, ಹೊಸ ಸ್ಕೆಚ್ ಪುಸ್ತಕ ಹಿಡಿದು ಗದ್ದೆಯ ಬದುವಿನ ಮೇಲೆ ಕೂತಿದ್ದ ಒಂದು ಮಧ್ಯಾಹ್ನ ಎದ್ದು ಬಂತು. ಸ್ವಲ್ಪ ನಿಂತುಕೋ ಕರಿಯಯ್ಯ, ನಿನ್ನ ಚಿತ್ರ ಬರೀತೀನಿ ಎಂದಿದ್ದ. ಕರಿಯಯ್ಯ ತಿರುಗಿ ನಿಂತ. ಹಾಗಲ್ಲ, ಈ ಕಡೆ ತಿರುಗು. ಗದ್ದೆಯ ನೀರಿನ ಕಡೆ ನೋಡುತ್ತಲೇ ಕರಿಯಯ್ಯ ಹೇಳಿದ್ದ: "ಬ್ಯಾಡಿ ಬುದ್ದಿ, ಎದುರ್ಕತೀರಿ." ಅದನ್ನು ಅವನು ತಮಾಷೆ ಎಂದುಕೊಂಡು ನಕ್ಕಿದ್ದ. ಹಾಸ್ಟೆಲಿನ ಗೆಳೆಯರಿಗೂ ಹೇಳಿ ನಗಿಸಿದ್ದ. ನಮ್ಮ ಆಳಿಗೆ ತನ್ನ ರೂಪದ ಬಗ್ಗೆ ಎಂಥ ಅಭಿಪ್ರಾಯ ನೋಡಿ ಎಂದು. ಈಗ ಆ ಮಾತು ಮಾತಿನಷ್ಟೇ ಅರ್ಥದಲ್ಲಿ, ಹದಿನೆಂಟು ವರ್ಷ ತಡವಾಗಿ, ಅವನಿಗೆ ಕೇಳಿಸಿತು. ಕಂಬದ ಮರ ಅಂಗೈಗೆ ತಣ್ಣಗಿತ್ತು. ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡ. ಅಮ್ಮ ಚೊಂಬಿನಲ್ಲಿ ನೀರು ತಂದು ಮೇಲಿಂದ ಹುಯ್ದರು. ಬೊಗಸೆ ಒಡ್ಡಿದ. ನೀರೆಲ್ಲ ಬೆರಳ ಸಂದಿಯಿಂದ ಸೋರಿಹೋಯಿತು.

ಮಳವಳ್ಳಿಗೆ ಬಂದು ಎಣ್ಣೆಬಣ್ಣ ಬಿಚ್ಚಿದ. ಮೂರು ವಾರ ಸ್ಕೂಲಿನಿಂದ ಬಂದವನೇ ಕೋಣೆ ಸೇರುತ್ತಿದ್ದ. ಕಪ್ಪು ಎಂದು ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ್ದ ಚರ್ಮಕ್ಕೆ ನೀಲಿ ಬೇಕಾಯಿತು, ಕಾವಿ ಬೇಕಾಯಿತು, ಗದ್ದದ ಕೆಳಗೆ ಎಲ್ಲೋ ಸ್ವಲ್ಪ ಹಸಿರೂ ಬೇಕಾಯಿತು. ಎಡಗಣ್ಣಿನ ಗುಳಿಯನ್ನು ನಾಲ್ಕು ಸಲ ಕೆರೆದು ನಾಲ್ಕು ಸಲ ಬರೆದ. ಸುಂದರವಾಗಿ ಬಂದಾಗಲೆಲ್ಲ ಕೆರೆದ. ಒಂದು ಬೆಳಿಗ್ಗೆ ಕಾಫಿ ತಂದ ಕನಕಲಕ್ಷ್ಮಿ ಬಾಗಿಲಲ್ಲೇ ನಿಂತುಬಿಟ್ಟಳು. ಮುಖ ಮುಗಿದಿತ್ತು. ಬಾಗಿಲ ಕಡೆಗೇ ನೋಡುತ್ತಿತ್ತು.

"ಯಾರೂಂದ್ರೆ ಇದು?"

"ನಮ್ಮ ಗದ್ದೆಯ ಕರಿಯಯ್ಯ. ಅವತ್ತು ಬಂದಿದ್ದರಲ್ಲ, ಅವರ ತಂದೆ."

"ಕಣ್ಣಿಗೇನಾಗಿತ್ತು?"

"ನಾನು ಕಲ್ಲು ಹೊಡೆದಿದ್ದೆ."

ಅವಳು ಲೋಟವನ್ನು ಕಿಟಕಿಯ ಮೇಲಿಟ್ಟಳು. ಕೇಳಿಸಲಿಲ್ಲವೇನೋ ಎಂದುಕೊಂಡ. ಒಳಗೆ ಹೋಗುವಾಗ ಹೇಳಿದಳು: "ಚಿಕ್ಕಂದಿನಲ್ಲಿ ಆದದ್ದಿರಬೇಕು. ಬೇರೆಯವರ ಮುಂದೆ ಹೀಗೆಲ್ಲ ಹೇಳಿಕೊಂಡು ತಿರುಗಬೇಡಿ."

ಗೃಹಪ್ರವೇಶದ ದಿನ ಚಿತ್ರದ ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಹೊದಿಸಿದ ಬಟ್ಟೆ ಬಣ್ಣಕ್ಕೆ ತಾಗದಂತೆ ಎರಡು ಮರದ ಪಟ್ಟಿ ಹೊಡೆದು, ಬಸ್ಸಿನಲ್ಲಿ ತೊಡೆಯ ಮೇಲೆ ನಿಲ್ಲಿಸಿ ಹಿಡಿದುಕೊಂಡು ಬಂದ. ಎಲ್ಲಾದರೂ ಉಜ್ಜಿದರೆ ಸರಿಮಾಡಲು ಬಣ್ಣದ ಡಬ್ಬಿ ಜೊತೆಗಿತ್ತು. ಹೊಸ ಮನೆಯ ಮುಂದೆ ಚಪ್ಪರ, ಹಜಾರದ ತುಂಬ ಜನ, ನೆಂಟರು, ಕರಿಸಿದ್ದಯ್ಯನ ಕಚೇರಿಯವರು. ಕರಿಸಿದ್ದಯ್ಯನೇ ಬೆಂಚಿನ ಮೇಲೆ ಹತ್ತಿ, ಬಾಗಿಲಿಗೆ ನೇರ ಎದುರಿನ ಮೊಳೆಗೆ ಅದನ್ನು ಹಾಕಿದ. ದೊಡ್ಡತಾಯಮ್ಮ ಜನರ ನಡುವಿನಿಂದ ಬಂದು ಕೆಳಗೆ ನಿಂತು ತಲೆ ಎತ್ತಿ ನೋಡಿದಳು. ಅವಳು ಅಳಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಊಂ ಕಣಪ್ಪ. ಇವ್ರೇಯ," ಎಂದಳು. ಕರಿಸಿದ್ದಯ್ಯ ಬೆಂಚಿನಿಂದ ಇಳಿದು, ಹಿಂದೆ ಸರಿದು, ಚಿತ್ರವನ್ನು ಮೂಲೆಯಿಂದ ಮೂಲೆಗೆ ನೋಡಿದ. ಚೆನ್ನಾಗಿದೆ ಎನ್ನುತ್ತಾನೇನೋ ಎಂದು ಸಂಪತ್ ಕುಮಾರನೊಳಗಿನ ಯಾವುದೋ ಹಳೆಯ ಅಭ್ಯಾಸ ಕಾಯುತ್ತಿತ್ತು. ಅದಕ್ಕೂ ಅವನಿಗೆ ಅಸಹ್ಯವಾಯಿತು.

"ಸಾರ್, ಹೆಸರು ಹಾಕಿಲ್ವಲ್ಲ."

"ಬೇಡ ಅಂತ ಬಿಟ್ಟೆ."

"ಬೇರೆ ಪಟಕ್ಕೆಲ್ಲ ಹಾಕಿದ್ದೀರಿ."

"ಇದಕ್ಕೆ ಬೇಡ ಕರಿಸಿದ್ದಯ್ಯನವರೇ."

"ಹಾಕಿ ಸಾರ್." ಕರಿಸಿದ್ದಯ್ಯನ ದನಿ ಏರಲಿಲ್ಲ. "ಯಾರು ಮಾಡಿದ್ದು ಅಂತ ಗೊತ್ತಾಗ್ಬೇಕಲ್ಲ."

ಸಂಪತ್ ಕುಮಾರ ಡಬ್ಬಿ ತೆರೆದ. ಸಣ್ಣ ಕುಂಚವನ್ನು ಕೆಂಪಿನಲ್ಲಿ ಅದ್ದಿಕೊಂಡು ಬೆಂಚಿನ ಮೇಲೆ ಹತ್ತಿದ. ಕರಿಯಯ್ಯನ ಮುಖ ಅವನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಅಗಸೆ ಎಣ್ಣೆಯ ವಾಸನೆ ಬರುತ್ತಿತ್ತು. ಬೆಂಗಳೂರಿನವರಿಗೆಂದು ಇಂಗ್ಲಿಷಿನಲ್ಲಿ ಎರಡಕ್ಷರ ಗೀಚುವುದು ಅವನ ಪದ್ಧತಿ. ಇವತ್ತು ಕನ್ನಡದಲ್ಲಿ, ಪೂರ್ತಿಯಾಗಿ, ಮಕ್ಕಳಿಗೆ ಬೋರ್ಡಿನ ಮೇಲೆ ಬರೆಯುವಷ್ಟು ದುಂಡಗೆ ಬರೆದ. ಹಿಂದೆ ಯಾರೋ ಮುದುಕ, "ಅದೇನ್ಲಾ ಕರಿಸಿದ್ದ, ಬರೆದಿರಾದು?" ಎಂದು ಕೇಳಿದ.

ಕರಿಸಿದ್ದಯ್ಯ ಒಂದೊಂದೇ ಅಕ್ಷರ ಬಿಡಿಸಿ ಎಲ್ಲರಿಗೂ ಕೇಳುವಂತೆ ಓದಿದ. ಹಜಾರದಲ್ಲಿದ್ದವರು ಚಿತ್ರದಿಂದ ಕಣ್ಣು ತೆಗೆದು ಹೆಸರಿನವನ ಕಡೆ ನೋಡಿದರು. ಬೆಂಚಿನ ಮೇಲೆ ನಿಂತಿದ್ದರಿಂದ ಅವನು ಎಲ್ಲರಿಗೂ ಚೆನ್ನಾಗಿ ಕಾಣುತ್ತಿದ್ದ.